22 ಕಂತು ಕಾದ ಮದುವೆಗೆ ಮುಂದಿನ ಕಂತಲ್ಲೇ ಡೈವೋರ್ಸ್

ಟೆಡ್ ಎಂಬವನು ತನ್ನ ಮಕ್ಕಳಿಗೆ ಅವರ ತಾಯಿ ಸಿಕ್ಕ ಕತೆ ಹೇಳುವ ಅಮೆರಿಕದ ಕಾಮಿಡಿ ಸರಣಿ ‘ಹೌ ಐ ಮೆಟ್ ಯುವರ್ ಮದರ್’ನ ಹಳೇ ಸೀಸನ್‌ಗಳನ್ನು ನಾನೂ ಅಕ್ಕನೂ ಕದ್ರಿಯ ಬಾಡಿಗೆ ಮನೆಯಲ್ಲಿ ಗೋಳಿಬಜೆ ತಿನ್ನುತ್ತಾ ಎರಡೆರಡು ಸಲ ನೋಡಿದ್ದೆವು. ಲ್ಯಾಪ್‌ಟಾಪಿನ ಸ್ಪೇಸ್ ಬಾರ್ ಇನ್ನೂ ಜಿಡ್ಡುಜಿಡ್ಡು. ಈ ಮಳೆಗಾಲದಲ್ಲಿ ಕೊನೆಯ, 9ನೇ ಸೀಸನ್ ಮುಗಿಸಿದೆವು. ಬೇಜಾರಾಯ್ತು ಮಾರಾಯ್ರೇ.

24 ಕಂತು. ಹೆಚ್ಚುಕಮ್ಮಿ ಎಲ್ಲವೂ ಟೆಡ್‌ನ ಗೆಳೆಯರ ಗುಂಪಿನ ಬಾರ್ನಿ-ರಾಬಿನ್ ಮದುವೆಯ ಒಂದೇ ವಾರಾಂತ್ಯ. ನಮ್ಮೂರಿನ ಮೆಹಂದಿ, ಮದುವೆ, ಔತಣ ಎಲ್ಲ ಸೇರಿಸಿದರೂ ಇಷ್ಟು ಎಳೆಯುವುದಿಲ್ಲ. ಅದೇ ಗುಂಪಿನ ಮಾರ್ಷಲ್ ಅಂತೂ ಅರ್ಧ ಸೀಸನ್ ದಾರಿಯಲ್ಲೇ ಇರ್ತಾನೆ. ಗುಂಪೇ ಒಟ್ಟಿಗಿಲ್ಲದಿದ್ದರೆ ನಗು ಎಲ್ಲಿಂದ ಬರಬೇಕು? 22ನೇ ಕಂತಿನಲ್ಲಿ ಮದುವೆ ಆಗುತ್ತದೆ. ಮುಂದಿನದರಲ್ಲೇ ಡೈವೋರ್ಸ್!

ತಾಯಿಯಾಗಿ ಬರುವ ಕ್ರಿಸ್ಟಿನ್ ಮಿಲಿಯೋಟಿ ಮಾತ್ರ ಚಿನ್ನ. ಬಾಲ್ಕನಿಯಲ್ಲಿ ಯೂಕುಲೇಲೆ ಹಿಡಿದು ಅವಳು ಹಾಡುವಾಗ ಅಕ್ಕ ಫೋನ್ ಕೆಳಗಿಟ್ಟಳು. ಆ ತಾಯಿಗಾಗಿ ಎಂಟು ಸೀಸನ್ ಕಾಯಿಸಿ, ಕಾಯಿಲೆ ಅಂತ ಒಂದೆರಡು ಮಾತಲ್ಲಿ ಮುಗಿಸಿ, ಹಿಂದೆ ರಾಬಿನ್‌ಗಾಗಿ ಕದ್ದಿದ್ದ ಅದೇ ನೀಲಿ ಕೊಂಬುವಾದ್ಯವನ್ನು ಮತ್ತೆ ಟೆಡ್ ಕೈಗೆ ಕೊಟ್ಟು ರಾಬಿನ್ ಕಿಟಕಿ ಕೆಳಗೆ ನಿಲ್ಲಿಸಿದ್ದಾರೆ. ರಾಬಿನ್ ಬಳಿ ಹೋಗು ಅಂತ ಅಪ್ಪನಿಗೆ ಹೇಳುವ ಮಕ್ಕಳ ಆ ಕೊನೆಯ ದೃಶ್ಯವನ್ನು ಶುರುವಿನ ವರ್ಷಗಳಲ್ಲೇ ಚಿತ್ರೀಕರಿಸಿ ಇಟ್ಟಿದ್ದರು. ವಾರದ ಹಿಂದಿನ ಹಿಟ್ಟಲ್ಲಿ ದೋಸೆ ಹೊಯ್ದ ಹಾಗೆ ಅಲ್ವಾ ಇದು?

ಅಕ್ಕ ಮತ್ತೆ ಮೊದಲ ಸೀಸನ್ ಹಾಕಿದ್ದಾಳೆ. ಎಂಟರವರೆಗೆ ಮಾತ್ರ ಕೂರ್ತೇನೆ ಅಂದಿದ್ದೇನೆ.