ಕಾರ್ಡ್ ಟೆಸ್ಟ್, ರಕ್ತಲೇಪ: ಮಲೇರಿಯಾ ಪತ್ತೆಗಾಗಿ ಮೈಸೂರಿನ ಎರಡು ಲ್ಯಾಬ್‌ಗಳಲ್ಲಿ

ಮಂಗಳೂರಿನಲ್ಲಿ ಕಟ್ಟಡ ಕೆಲಸದ ಮೇಲ್ವಿಚಾರಣೆ ಮುಗಿಸಿ ಮನೆಗೆ ಮರಳಿದ ನನ್ನ ತಮ್ಮನಿಗೆ ದಿನ ಬಿಟ್ಟು ದಿನ ಚಳಿಜ್ವರ ಬರತೊಡಗಿದ್ದರಿಂದ, ಒಂದೇ ವಾರದಲ್ಲಿ ಮೈಸೂರಿನ ಎರಡು ಖಾಸಗಿ ಲ್ಯಾಬ್‌ಗಳ ಮೆಟ್ಟಿಲು ಹತ್ತಬೇಕಾಯಿತು.

ಮೊದಲನೆಯದರಲ್ಲಿ ಟೋಕನ್, ಎಸಿ ಕೋಣೆ, ಮೊಬೈಲಿಗೇ ಬರುವ ವರದಿ ಎಲ್ಲವೂ ಉಂಟು. ಅರ್ಧ ಗಂಟೆಯೊಳಗೆ ‘ಮಲೇರಿಯಾ: ನೆಗೆಟಿವ್’ ಎಂಬ ಒಂದೇ ಸಾಲು ಬಂತು. ಯಾವ ವಿಧಾನದಿಂದ ನೋಡಿದರೆಂದು ಬರೆದಿರಲಿಲ್ಲ. ಕೇಳಿದ ಮೇಲೆ ಕಾರ್ಡ್ ಟೆಸ್ಟ್ ಎಂದರು. ಆ ಪರೀಕ್ಷೆಯನ್ನು ನಾನು ಹಳಿಯುವುದಿಲ್ಲ. ಹನಿ ರಕ್ತದಲ್ಲಿ ಮಲೇರಿಯಾ ಪರಾವಲಂಬಿಯ (ರೋಗಾಣುವಿನ) ಪ್ರೋಟೀನು ಇದೆಯೇ ಎಂಬುದನ್ನು ಅದು 15–20 ನಿಮಿಷಗಳಲ್ಲಿ ತಿಳಿಸುತ್ತದೆ. ಸೂಕ್ಷ್ಮದರ್ಶಕವಿಲ್ಲದ ಊರಿನಲ್ಲಿ, ನಡುರಾತ್ರಿಯ ತುರ್ತಿನಲ್ಲಿ ಅದೇ ಆಸರೆ. ಆದರೆ ಒಂದು ಮೈಕ್ರೋಲೀಟರ್ ರಕ್ತದಲ್ಲಿ ಪರಾವಲಂಬಿಗಳು ನೂರಿನ್ನೂರಕ್ಕಿಂತ ಕಡಿಮೆಯಿದ್ದರೆ ಕಾರ್ಡಿನ ಮೇಲೆ ಪಾಸಿಟಿವ್ ಎನ್ನುವ ಗೆರೆ ಮೂಡದೆಯೂ ಹೋಗಬಹುದಾದ್ದರಿಂದ ಅದರ ನೆಗೆಟಿವ್ ಕೊನೆಯ ಮಾತಲ್ಲ. ಇದನ್ನು ವರದಿಯಲ್ಲೇ ಹೇಳದಿದ್ದುದು ಲ್ಯಾಬಿನ ತಪ್ಪು, ಕಾರ್ಡಿನದಲ್ಲ.

ಜ್ವರ ಮತ್ತೆ ಏರಿದಾಗ ವೈದ್ಯರು ರಕ್ತಲೇಪ, ಅಂದರೆ ಗಾಜಿಗೆ ರಕ್ತ ಸವರಿ ಸೂಕ್ಷ್ಮದರ್ಶಕದಲ್ಲಿ ನೋಡುವ ಪರೀಕ್ಷೆ, ಮಾಡಿಸಲೇಬೇಕೆಂದರು. ಅಗ್ರಹಾರದ ಕಡೆಯ ಎರಡನೆಯ ಲ್ಯಾಬಿನಲ್ಲಿ ಕೂರಲು ಇದ್ದದ್ದು ನಾಲ್ಕೇ ಕುರ್ಚಿ. ಅಲ್ಲಿಯ ಹಿರಿಯ ಟೆಕ್ನೀಷಿಯನ್, ‘ಚಳಿ ಯಾವಾಗ ಬಂತಪ್ಪಾ? ಮಾತ್ರೆ ಏನಾದ್ರೂ ತಗೊಂಡಿದ್ದೀಯಾ?’ ಎಂದು ವಿಚಾರಿಸಿ, ಬೆರಳು ಚುಚ್ಚಿ, ನಮ್ಮೆದುರಿಗೇ ಗಾಜಿನ ಸ್ಲೈಡಿನ ಮೇಲೆ ದಪ್ಪ ಲೇಪ, ತೆಳು ಲೇಪ ಎರಡನ್ನೂ ಮಾಡಿದರು. ದಪ್ಪ ಲೇಪದಲ್ಲಿ ರಕ್ತ ಹೆಚ್ಚಿರುವುದರಿಂದ ವಿರಳವಾದ ಪರಾವಲಂಬಿಯೂ ಕಣ್ಣಿಗೆ ಬೀಳುತ್ತದೆ. ತೆಳು ಲೇಪದಲ್ಲಿ ಕೆಂಪು ರಕ್ತಕಣಗಳು ಒಡೆಯದೆ ಉಳಿಯುವುದರಿಂದ ಅದು ಯಾವ ಪ್ರಭೇದದ್ದೆಂದು ಗುರುತಿಸಲು ಸುಲಭ. ದಪ್ಪ ಲೇಪ ಪೂರ್ತಿ ಒಣಗಬೇಕು, ಅದಕ್ಕೆ ಬಣ್ಣ ಹಾಕಬೇಕು, ನೆಗೆಟಿವ್ ಎನ್ನುವ ಮೊದಲು ಸೂಕ್ಷ್ಮದರ್ಶಕದಡಿ ಕನಿಷ್ಠ ನೂರು ಕಡೆಯಾದರೂ ಹುಡುಕಬೇಕು. ಅಂತೂ ಸಂಜೆಗೆ ವರದಿ ಸಿಕ್ಕಿತು: ಪ್ಲಾಸ್ಮೋಡಿಯಂ ವೈವಾಕ್ಸ್ (ಮಲೇರಿಯಾ ಪರಾವಲಂಬಿಯ ಒಂದು ಪ್ರಭೇದ), ಜೊತೆಗೆ ಪರಾವಲಂಬಿಗಳ ಎಣಿಕೆ, ಪರೀಕ್ಷಾ ವಿಧಾನ, ನೋಡಿದ ವೈದ್ಯರ ಸಹಿ.

ಪ್ರಭೇದದ ಹೆಸರಿನ ಮೇಲೆಯೇ ಚಿಕಿತ್ಸೆ ನಿಂತಿದೆ. ವೈವಾಕ್ಸ್ ಯಕೃತ್ತಿನಲ್ಲಿ ಅಡಗಿದ್ದು ತಿಂಗಳುಗಳ ಮೇಲೂ ಮರಳಬಲ್ಲದಾದ್ದರಿಂದ ಕ್ಲೋರೋಕ್ವಿನ್ ಜೊತೆಗೆ 14 ದಿನ ಪ್ರೈಮಾಕ್ವಿನ್ ಬರೆದುಕೊಟ್ಟರು. ಜಿ6ಪಿಡಿ ಎಂಬ ಕಿಣ್ವದ ಕೊರತೆಯಿರುವವರಲ್ಲಿ ಪ್ರೈಮಾಕ್ವಿನ್ ಮಾತ್ರೆ ರಕ್ತಕಣಗಳನ್ನು ಒಡೆಯಬಹುದೆಂದು ಮೊದಲು ಆ ಪರೀಕ್ಷೆಯನ್ನೂ ಮಾಡಿಸಿದರು. ಪರಾವಲಂಬಿಯ ಡಿಎನ್‌ಎ ಹುಡುಕುವ ಪಿಸಿಆರ್ ಪರೀಕ್ಷೆ ಕಾರ್ಡ್, ರಕ್ತಲೇಪ ಎರಡಕ್ಕಿಂತಲೂ ಸೂಕ್ಷ್ಮವಾದದ್ದು, ದುಬಾರಿಯೂ ಹೌದು. ನಮಗೆ ಅದರ ಅಗತ್ಯ ಬೀಳಲಿಲ್ಲ.

ಎರಡನೆಯ ಲ್ಯಾಬಿಗೂ ಕೊರತೆಗಳಿವೆ: ಭಾನುವಾರ ಬಾಗಿಲು ತೆರೆಯುವುದಿಲ್ಲ, ನಗದು ಬಿಟ್ಟು ಬೇರೇನನ್ನೂ ಒಪ್ಪುವುದಿಲ್ಲ. ಆದರೂ ಜ್ವರಕ್ಕೆ ನಾನು ಇನ್ನು ಅಲ್ಲಿಗೇ ಹೋಗುವುದು. ಇದೇ ರಕ್ತಲೇಪ ಪರೀಕ್ಷೆ ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಉಚಿತ ಎಂಬುದು ನನಗೆ ನೆನಪಾದದ್ದು ಹಣ ಎಣಿಸಿ ಕೊಟ್ಟಾದ ಮೇಲೆ.