ಹುಳುಕು ಹಲ್ಲು: ಪೂರ್ತಿ ಕೆರೆಯಬೇಕಾ, ಸ್ವಲ್ಪ ಬಿಡಬೇಕಾ?

ಒಂದೇ ದವಡೆ ಹಲ್ಲು, ಎರಡು ಮಾತು. ಹುಬ್ಬಳ್ಳಿಯಲ್ಲಿ ಒಬ್ಬ ಡಾಕ್ಟರು, "ಹುಳುಕು ಒಂದಿಷ್ಟೂ ಉಳಿಯಬಾರದು" ಅಂದರು. ಧಾರವಾಡದಲ್ಲಿ ಇನ್ನೊಬ್ಬರು, "ತಳದಲ್ಲಿ ಸ್ವಲ್ಪ ಬಿಡೋಣ" ಅಂದರು. ಬಾಯಲ್ಲಿದ್ದ ಪೇಢೆ ಕಹಿಯಾಯಿತು ನೋಡಿ.

ಪೂರ್ತಿ ತೆಗೆಯುವುದು ಹಳೆಯ ಪದ್ಧತಿ. ಗಟ್ಟಿ ಹಲ್ಲು ಸಿಗುವವರೆಗೆ ಕೊರೆಯುತ್ತಾರೆ. ಹುಳುಕು ಮೇಲ್ಮೇಲೆ ಇದ್ದರೆ ತೊಂದರೆಯಿಲ್ಲ. ಆಳವಾಗಿದ್ದರೆ ಒಳಗಿನ ನರ ತೆರೆದುಕೊಳ್ಳಬಹುದು. ಆಗ ಫಿಲ್ಲಿಂಗ್‌ಗೆ ಹೋದವರು ರೂಟ್ ಕೆನಾಲ್ ಮಾಡಿಸಿಕೊಂಡು ಬರುವುದೂ ಉಂಟು.

ಸ್ವಲ್ಪ ಬಿಡುವುದು ಅಂದರೆ ಎಲ್ಲೆಂದರಲ್ಲಿ ಬಿಡುವುದಲ್ಲ. ಸುತ್ತಲಿನ ಅಂಚು ಪೂರ್ತಿ ಸ್ವಚ್ಛವಾಗಬೇಕು, ನರದ ಮೇಲಿನ ಮೆತ್ತನೆ ಪದರ ಮಾತ್ರ ಉಳಿಯುತ್ತದೆ. ಫಿಲ್ಲಿಂಗ್ ಬಿಗಿಯಾಗಿ ಕೂತರೆ ಒಳಗೆ ಉಳಿದ ಬ್ಯಾಕ್ಟೀರಿಯಾಗೆ ಆಹಾರ ಸಿಗುವುದಿಲ್ಲ, ಹುಳುಕು ಅಲ್ಲೇ ನಿಲ್ಲುತ್ತದೆ. 2016ರಲ್ಲಿ ಅಂತರರಾಷ್ಟ್ರೀಯ ತಜ್ಞರ ಗುಂಪು ಆಳವಾದ ಹುಳುಕಿಗೆ ಇದನ್ನೇ ಹೇಳಿತು. ಪೂರ್ತಿ ಕೆರೆಯುವುದು ಅತಿಯಾಯಿತು ಎಂದೂ ಹೇಳಿತು. ಆದರೆ ಅಂಚು ಸೋರಿದರೆ ಎಲ್ಲಾ ಕೆಟ್ಟಿತು.

ಎರಡು ಕಂತಿನ ದಾರಿಯೂ ಇದೆ: ತಾತ್ಕಾಲಿಕ ಫಿಲ್ಲಿಂಗ್, ಆರರಿಂದ ಹನ್ನೆರಡು ತಿಂಗಳ ಮೇಲೆ ಮತ್ತೆ ತೆರೆದು ಉಳಿದ ಹುಳುಕು ತೆಗೆಯುವುದು. ಗದಗದಿಂದ ಬಸ್ಸಲ್ಲಿ ಬರುವವರು ಎರಡನೇ ಸಲ ಬರ್ತಾರಾ? ನನಗಂತೂ ಅನುಮಾನ.

ನಾನಾದರೆ ಆಳದ ಹುಳುಕಿಗೆ ಬಿಡುವ ದಾರಿಯನ್ನೇ ಹಿಡಿಯುತ್ತೇನೆ. ಆದರೆ ಹಲ್ಲು ರಾತ್ರಿ ಸುಮ್ನೆ ತಾನಾಗೇ ನೋಯುತ್ತಿದ್ದರೆ ಮೊದಲು ನರದ ಸ್ಥಿತಿ ನೋಡಿಸಿ, ಎಕ್ಸ್‌ರೇ ತೆಗೆಸಿ. ಆಗ ಈ ಲೆಕ್ಕವೇ ಬೇರೆ.