ನಿಯೋಫೋರ್‌ಜೆ, ನಾಲ್ಕು ವರ್ಷ ಬಳಸಿದ ಮೇಲೆ: ತಾಯಿ ಸಿಗದ ಹೆಸರುಗಳು

ಸುರತ್ಕಲ್ ಹತ್ತಿರ ನಮ್ಮ ಕುಟುಂಬದ ಮನೆಯಲ್ಲಿ ಮೂರು ಹಳೇ ನೋಟ್‌ಬುಕ್ ಇವೆ. ಯಾರು ಯಾರ ಮಗಳು, ಯಾವ ಕವರು (ಕುಟುಂಬದ ಕವಲು), ಯಾರು ಮುಂಬೈ ಸೇರಿದರು, ಎಲ್ಲಾ ಅದರಲ್ಲಿದೆ. ತಾಯಿಯ ಕಡೆಯಿಂದ ವಂಶ ಎಣಿಸುವ ಅಳಿಯಸಂತಾನದ ಲೆಕ್ಕ, ಹಾಗಾಗಿ ಬಳಿ, ಅಂದರೆ ಗೋತ್ರದಂಥ ಕುಲದ ಹೆಸರು, ಬರುವುದು ತಾಯಿಯಿಂದ. ಇದನ್ನು ಎಕ್ಸೆಲ್‌ಗೆ ಹಾಕಿ ಒಂದು ಮಳೆಗಾಲ ಪೂರ್ತಿ ಒದ್ದಾಡಿದೆ. ಅಜ್ಜಿಯ ಅಕ್ಕನ ಮೊಮ್ಮಕ್ಕಳು ಯಾರು ಎಂದು ಹುಡುಕುವಷ್ಟರಲ್ಲಿ ನನಗೇ ತಲೆ ತಿರುಗಿತು. ಆಮೇಲೆ ನಿಯೋಫೋರ್‌ಜೆ ಹಾಕಿಕೊಂಡೆ, ಸಂಬಂಧಗಳನ್ನೇ ಗೆರೆಯಾಗಿ ಇಟ್ಟುಕೊಳ್ಳುವ ಗ್ರಾಫ್ ಡೇಟಾಬೇಸ್ ಅದು; ನನ್ನದು ಉಚಿತದ ಕಮ್ಯುನಿಟಿ ಎಡಿಷನ್. ಶುರು ಮಾಡಿದ್ದು ವರ್ಷನ್ 4.4ರಲ್ಲಿ, ಈಗ 5.

ಒಬ್ಬೊಬ್ಬರೂ ಒಂದು ನೋಡ್, ನಡುವಿನ ಗೆರೆ ಸಂಬಂಧ. ಬ್ಯಾಕ್‌ಟಿಕ್ ಒಳಗೆ ಬರೆದರೆ 'ತಾಯಿ' ಅಂತ ಕನ್ನಡದಲ್ಲೇ ಹೆಸರು ಕೊಡಬಹುದು. ನನಗೆ ಅದೇ ದೊಡ್ಡ ಖುಷಿ.

ನಾನು ಅತಿ ಜಾಸ್ತಿ ಓಡಿಸುವ ಕ್ವೆರಿ ಒಂದೇ: ಯಾರಿಗೂ ಅಂಟದೆ ಉಳಿದ ನೋಡ್ ಯಾವುವು? ನಿಯೋಫೋರ್‌ಜೆಗೆ ಪ್ರಶ್ನೆ ಕೇಳುವ ಭಾಷೆ ಸೈಫರ್, ಅದರಲ್ಲಿ ಇದು ಒಂದೇ ಸಾಲು. ಮ್ಯಾಚ್ (ಎನ್) ವೇರ್ ನಾಟ್ (ಎನ್)--() ರಿಟರ್ನ್ ಎನ್. ಎರಡು ಗೀಟು, ಖಾಲಿ ಬ್ರಾಕೆಟ್, ಅಷ್ಟೇ. ಬಾಣ ಹಾಕದಿದ್ದರೆ ಒಳಬರುವ, ಹೊರಹೋಗುವ ಎರಡೂ ದಿಕ್ಕು ನೋಡುತ್ತದೆ. ಒಂದು ನೋಡ್‌ಗೆ ಸಂಬಂಧ ಇದೆಯೋ ಇಲ್ಲವೋ ಎಂದು ನೋಡುವುದು ಅದಕ್ಕೆ ಸುಲಭದ ಕೆಲಸ. ಸಮಯ ಹೋಗುವುದು ಎಲ್ಲಾ ನೋಡ್‌ಗಳ ಮೇಲೆ ಒಂದು ಸುತ್ತು ಬರುವುದಕ್ಕೆ. ನೋಡ್ ಯಾವ ಬಗೆಯದು ಎಂದು ಹೇಳುವ ಲೇಬಲ್ ಹಾಕಿ ಕೇಳಿದರೆ ಆ ಸುತ್ತು ಚಿಕ್ಕದಾಗುತ್ತದೆ. ಕ್ವೆರಿಯ ಶುರುವಲ್ಲಿ ಪ್ರೊಫೈಲ್ ಅಂತ ಸೇರಿಸಿದರೆ ಎಷ್ಟು ಕೆಲಸ ಆಯಿತು ಎಂದು ಅದೇ ತೋರಿಸುತ್ತದೆ.

ಮೊದಲ ಸಲ 63 ಹೆಸರು ಬಂದವು. ತಪ್ಪು ನನ್ನದೇ. ಎಕ್ಸೆಲ್‌ನಿಂದ ತೆಗೆದ ಸಿಎಸ್‌ವಿ ಫೈಲಿನಲ್ಲಿ 'ಅಕ್ಕು'ವಿನಂಥ ಕೆಲವು ಹೆಸರುಗಳ ಕೊನೆಗೆ ಒಂದು ಖಾಲಿ ಸ್ಪೇಸ್ ಉಳಿದಿತ್ತು. ತಾಯಿಯನ್ನು ಹುಡುಕುವ ಮ್ಯಾಚ್‌ಗೆ ಏನೂ ಸಿಗದಿದ್ದರೆ ಆ ಸಾಲು ಸುಮ್ನೆ ಬಿಟ್ಟುಹೋಗುತ್ತದೆ, ಎರರ್ ಬರುವುದಿಲ್ಲ. ಅಕ್ಕುವಿನ ಐದು ಮಕ್ಕಳೂ ಹಾಗೇ ಅನಾಥರಾದರು. ಖಾಲಿ ಸ್ಪೇಸ್ ಕತ್ತರಿಸುವ ಟ್ರಿಮ್ ಹಾಕಿ ಮತ್ತೆ ಓಡಿಸಿದ ಮೇಲೆ ಉಳಿದದ್ದು 22.

ನಿಜವಾಗಿ ಏಮಾರಿದ್ದು ಆಮೇಲೆ. ಪ್ರತಿ ಹೆಸರು ಯಾವ ನೋಟ್‌ಬುಕ್‌ನದು ಎಂದು ಗುರುತಿಗೆ 'ಪುಸ್ತಕ' ಎಂಬ ನೋಡ್ ಮಾಡಿ ಎಲ್ಲರನ್ನೂ ಅದಕ್ಕೆ ಕಟ್ಟಿದೆ. ಮರುದಿನ ಕ್ವೆರಿ ಓಡಿಸಿದರೆ ಫಲಿತಾಂಶ ಸೊನ್ನೆ! ಮಾರಾಯ್ರೆ, ಎಲ್ಲಾ ಸರಿಹೋಯಿತು ಎಂದು ಮನೆಯವರಿಗೆ ಚಾ ಕೂಡ ಮಾಡಿಕೊಟ್ಟೆ. ಪುಸ್ತಕದ ಗೆರೆಯೂ ಗೆರೆಯೇ ಅಲ್ವಾ? ಈಗ ಸಂಬಂಧದ ಹೆಸರು ಹೇಳಿಯೇ ಕೇಳುತ್ತೇನೆ: 'ತಾಯಿ' ಗೆರೆ ಇಲ್ಲದವರು ಯಾರು ಎಂದು. ಆ 22 ಜನ ಹಾಗೇ ಇದ್ದರು.

ಇನ್ನೊಂದು ಗುಂಪು ಇದಕ್ಕೂ ಸಿಗುವುದಿಲ್ಲ. ತಾಯಿ, ಮಗಳು ಇಬ್ಬರೇ ಒಬ್ಬರಿಗೊಬ್ಬರು ಅಂಟಿಕೊಂಡು, ಉಳಿದ ಕುಟುಂಬದಿಂದ ದೂರ, ನಡುಗಡ್ಡೆಯ ಹಾಗೆ. ಅದಕ್ಕೆ ಗ್ರಾಫ್ ಡೇಟಾ ಸೈನ್ಸ್ ಎಂಬ ಪ್ಲಗಿನ್ ಬೇಕು, ಅದರ ವೀಕ್ಲಿ ಕನೆಕ್ಟೆಡ್ ಕಾಂಪೊನೆಂಟ್ಸ್ ಪ್ರತಿ ಗುಂಪಿಗೆ ಒಂದು ನಂಬರ್ ಕೊಡುತ್ತದೆ. ಅಲ್ಲೂ ಪುಸ್ತಕದ ಗೆರೆ ಬಿಟ್ಟು ಲೆಕ್ಕ ಹಾಕಿಸಬೇಕು. ಪ್ಲಗಿನ್‌ನ ವರ್ಷನ್ ಡೇಟಾಬೇಸ್‌ಗೆ ಹೊಂದಬೇಕು, ಅದೊಂದು ತಲೆಬಿಸಿ. ಸಣ್ಣ ಗುಂಪುಗಳು ನಾಲ್ಕು ಸಿಕ್ಕವು.

ಯಾವ ಗೆರೆಯೂ ಇಲ್ಲದ ನೋಡ್ ಅಳಿಸುವಾಗ ಡಿಟ್ಯಾಚ್ ಡಿಲೀಟ್ ಬಳಸಬೇಡಿ. ಬರೀ ಡಿಲೀಟ್ ಸಾಕು. ಒಂದೇ ಒಂದು ಗೆರೆ ಉಳಿದಿದ್ದರೂ ಅದು ಅಳಿಸಲು ಒಪ್ಪುವುದಿಲ್ಲ, ಡಿಟ್ಯಾಚ್ ಮಾತ್ರ ಗೆರೆ ಸಮೇತ ಕಿತ್ತುಹಾಕುತ್ತದೆ.

4ರಿಂದ 5ಕ್ಕೆ ಬಂದಾಗ ಸಂಬಂಧ ಎಣಿಸಲು ಕ್ವೆರಿಗಳಲ್ಲಿ ಬರೆದಿದ್ದ 'ಸೈಜ್' ಎಂಬ ಪದ ಎಲ್ಲಾ 'ಕೌಂಟ್'ಗೆ ಬದಲಾಯಿಸಬೇಕಾಯಿತು. ಕಮ್ಯುನಿಟಿಯಲ್ಲಿ ಬ್ಯಾಕಪ್‌ಗೆ ಡೇಟಾಬೇಸ್ ನಿಲ್ಲಿಸಿಯೇ ಡಂಪ್, ಅಂದರೆ ಪೂರ್ತಿ ನಕಲು, ತೆಗೆಯಬೇಕು. ನನ್ನಂಥವನಿಗೆ ಪರವಾಗಿಲ್ಲ, ಅಂಗಡಿ ನಡೆಸುವವರಿಗೆ ಕಷ್ಟ. ಐದರಲ್ಲಿ ನಾಲ್ಕು ಸ್ಟಾರ್.

22 ಹೆಸರಲ್ಲಿ ಒಂದನ್ನೂ ಅಳಿಸಿಲ್ಲ. ನಾಗನ ತಂಬಿಲಕ್ಕೆ, ಅಂದರೆ ನಾಗನ ಪೂಜೆಗೆ, ಎಲ್ಲರೂ ಸೇರಿದಾಗ ಪಟ್ಟಿ ಪ್ರಿಂಟ್ ಮಾಡಿ ದೊಡ್ಡಮ್ಮನ ಕೈಗೆ ಕೊಟ್ಟೆ. ಊಟದ ಎಲೆ ಎತ್ತುವಷ್ಟರಲ್ಲಿ ಹದಿಮೂರು ಜನರಿಗೆ ತಾಯಿ ಸಿಕ್ಕಿದ್ದರು. ಉಳಿದ ಒಂಬತ್ತಕ್ಕೆ 'ಕೇಳಬೇಕು' ಎಂದು ಲೇಬಲ್ ಹಾಕಿಟ್ಟಿದ್ದೇನೆ.